ನೆಲಕ್ಕಿಳಿದ ಹಂಚು

ಬಿನ್ನಿಪೇಟೆಗೆ ಹೆಸರನ್ನಿತ್ತ, 1884ರಲ್ಲಿ ಹುಟ್ಟಿದ ಗಿರಣಿ ಇಂದಿಲ್ಲ. ಅದರ ಸುತ್ತಣ ಹಂಚಿನ ಮನೆಗಳೂ ಒಂದೊಂದಾಗಿ ತಾರಸಿಯವಾದುವು. ಚಾವಣಿಯಿಂದ ಇಳಿದ ಸುಟ್ಟ ಮಣ್ಣಿಗೆ ಈಗ ನೆಲದಲ್ಲಿ ಮರ್ಯಾದೆ. ಇದು ಹೊಸತೇನಲ್ಲ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಉದ್ಯಮವನ್ನಾರಂಭಿಸಿದ ಬಾಸೆಲ್ ಮಿಶನ್ನಿನವರು ನೆಲಹಂಚನ್ನೂ ಮಾಡುತ್ತಿದ್ದರು.

ಆದರೆ ಇವೆರಡಕ್ಕೂ ಒಂದು ಭೇದವುಂಟು. ಮಳೆಯಲ್ಲಿ ನೆನೆದ ಚಾವಣಿಯ ಹಂಚು ಮೇಲೂ ಕೆಳಗೂ ಗಾಳಿಯಾಡಿ ಒಣಗುತ್ತದೆ. ನೆಲದ ಹಂಚಿಗೆ ಉಸಿರಾಡಲು ಮೇಲ್ಮೈಯೊಂದೇ ದಾರಿ.

ಕೊಳ್ಳುವಾಗ ಬೆರಳಿನ ಗಂಟಿನಿಂದ ತಟ್ಟಿ ನೋಡಬೇಕು. ಚೆನ್ನಾಗಿ ಬೆಂದುದು ಕಂಚಿನಂತೆ ನುಡಿಯುವುದು. ಅರೆಬೆಂದುದರ, ಬಿರಿದುದರ ದನಿ ಮಂಕು. ಬಣ್ಣದ ಏರುಪೇರನ್ನು ದೋಷವೆಂದೆಣಿಸುವವರಿಗೆ ಮೆರುಗುಹಂಚೇ ಲೇಸು. ಆವೆಯ ಬೆಂಕಿ ಎಲ್ಲೆಡೆ ಸಮನಾಗಿ ತಾಗದು. ಹಲವು ಪೆಟ್ಟಿಗೆಗಳ ಹಂಚನ್ನು ಬೆರಸಿ ಹಾಸಿದರೆ ಆ ಏರುಪೇರೇ ಶೋಭೆ. ಹಾಸುವ ಮುನ್ನ ನೀರಿನಲ್ಲಿ ನೆನೆಯಿಡುವುದು ಗಾರೆಯವರ ರೂಢಿ; ಒಣಹಂಚು ಗಾರೆಯ ನೀರನ್ನು ಹೀರಿಬಿಟ್ಟರೆ ಹಿಡಿತ ಸಡಿಲುವುದು.

ಹೀಗೆ ಕುಡಿದ ನೀರೆಲ್ಲ ಹೊರಬರಲು ವಾರಗಳೇ ಬೇಕು. ಗೃಹಪ್ರವೇಶದ ಮುಹೂರ್ತವೋ ಅಷ್ಟು ಕಾಯದು. ಆತುರಕ್ಕೆ ಅಗಸೆಯೆಣ್ಣೆಯನ್ನೋ ಅಂಗಡಿಯ ಲೇಪವನ್ನೋ ಬಳಿದರೆ, ಇದ್ದ ಒಂದು ದಾರಿಯೂ ಮುಚ್ಚಿ, ಗಾರೆಯ ಉಪ್ಪು ಲೇಪದಡಿಯಲ್ಲಿ ಬೂದಿಯಂತೆ ಬೆಳ್ಳಗೆ ಕೂಡುವುದು. ಅದು ಒರಸಿದರೆ ಹೋಗದು. ಲೇಪವನ್ನೇ ಕೆರೆದು ತೆಗೆಯಬೇಕು. ಬಳಿಯದಿದ್ದರೆ ಅರಿಸಿನ, ಎಣ್ಣೆಗಳ ಕಲೆಯ ಭಯ. ಆ ಒಂದು ದಿನಕ್ಕೆ ಚಾಪೆ ಹಾಸಿಕೊಳ್ಳಬಹುದಷ್ಟೆ!

ರಾತ್ರಿ ಗಾಜಿನ ಬಟ್ಟಲೊಂದನ್ನು ನೆಲದ ಮೇಲೆ ಬೋರಲಿಟ್ಟು ಬೆಳಗ್ಗೆ ನೋಡಬೇಕು. ಒಳಮೈ ಬೆವರಿದ್ದರೆ ಎಣ್ಣೆಯ ಡಬ್ಬಿ ಇನ್ನೂ ಕೆಲವು ದಿನ ಮೂಲೆಯಲ್ಲಿರಲಿ.