ಸೀಟಿಗೆ ಕಾಯದ ಚೆಂಡು

ಶಬ್ದರೂಪಗಳನ್ನು ಬಾಯಿಪಾಠ ಮಾಡಿಸುತ್ತ ಮೂವತ್ತಕ್ಕೆ ಮೇಲ್ಪಟ್ಟು ವರ್ಷಗಳನ್ನು ಕಳೆದ ಸಂಸ್ಕೃತ ಉಪಾಧ್ಯಾಯರು ಕಾಲ್ಚೆಂಡಿನ ಮೇಲೆ ಲೇಖನ ಬರೆಯುವರೆಂದರೆ ವಾಚಕ ಮಹಾಶಯರು ನಗುವುದು ಸಹಜವೇ ಸರಿ. ನಮ್ಮ ಮನೆಯಲ್ಲಿಯೂ ನಕ್ಕರು. ಆದರೆ ಒಂದು ಒದೆತವು ನಮ್ಮ ಹಳೆಯ ತಪ್ಪೊಂದನ್ನು ಕೆದಕಿ ಮೇಲಕ್ಕೆ ತಂದುದರಿಂದ ಬರೆಯದೆ ವಿಧಿಯಿಲ್ಲ.

ನಾವು ಈಗ ವಾಸವಾಗಿರುವುದು ಬೆಂಗಳೂರಿನ ಪಶ್ಚಿಮಕ್ಕಿರುವ ಅನ್ನಪೂರ್ಣೇಶ್ವರಿ ನಗರದಲ್ಲಿ, ಮಗಳ ಮನೆಯಲ್ಲಿ. ಈ ಕಡೆಯ ಬೀದಿಗಳಲ್ಲಿ ಹುಡುಗರ ಕೈಯಲ್ಲಿ ಕಾಣುವುದು ಕ್ರಿಕೆಟ್ಟಿನ ದಾಂಡು. ಕಾಲ್ಚೆಂಡಿನ ಹಳೆಯ ಕೇರಿಗಳೆಲ್ಲ ಪೂರ್ವಕ್ಕೆ, ಹಲಸೂರು, ಆಸ್ಟಿನ್ ಟೌನುಗಳ ಸುತ್ತ, ಹಿಂದಣ ದಂಡಿನ ಪ್ರದೇಶದಲ್ಲಿವೆ. ೧೯೩೭ರಲ್ಲಿಯೇ ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡವು ಬೊಂಬಾಯಿಯ ರೋವರ್ಸ್ ಕಪ್ಪನ್ನು ಗೆದ್ದು, ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡವೆನಿಸಿತು. ಇದೆಲ್ಲ ನಮಗೆ ತಿಳಿದದ್ದು ನಮ್ಮ ದೌಹಿತ್ರನ ಬಾಯಿಂದ. ಬೆಂಗಳೂರು ಎಫ್‌ಸಿ ಎಂಬ ಕ್ಲಬ್ಬು ೨೦೧೩ರಲ್ಲಿ ಹುಟ್ಟಿತು. ಹುಡುಗನೂ ಅದೇ ವರ್ಷ ಹುಟ್ಟಿದನು. ಈ ಸಮವಯಸ್ಸನ್ನು ಅವನು ಬಹು ದೊಡ್ಡ ಸಂಬಂಧವೆಂದು ಎಣಿಸಿಕೊಂಡಿದ್ದಾನೆ.

೨೦೨೩ನೆಯ ಮಾರ್ಚಿ ೩ನೆಯ ತಾರೀಖಿನ ರಾತ್ರಿ ಅವನು ನಮ್ಮನ್ನು ಟೆಲಿವಿಷನ್ನಿನ ಮುಂದೆ ಕೂರಿಸಿಕೊಂಡನು. ನಿವೃತ್ತರಾಗಿ ಆಗ ನಮಗೆ ವರ್ಷ ತುಂಬಿರಲಿಲ್ಲ. ಹೊತ್ತು ಹೋಗುವುದು ಕಷ್ಟವಾಗಿದ್ದಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಎದ್ದುನಿಂತಿರುವ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರಿಗೂ ಕೇರಳ ಬ್ಲಾಸ್ಟರ್ಸಿಗೂ ಪಂದ್ಯ. ಇಂಡಿಯನ್ ಸೂಪರ್ ಲೀಗಿನಲ್ಲಿ ಸೋತವರು ಮನೆಗೆ, ಗೆದ್ದವರು ಸೆಮಿಫೈನಲಿಗೆ. ಕಂಠೀರವವೆಂದರೆ ಸಿಂಹವೆಂದು ನಾವು ಅರ್ಥ ಹೇಳಹೊರಟೆವು. ಹುಡುಗನು ಸುಮ್ಮನಿರಿ ಎಂದು ಸನ್ನೆ ಮಾಡಿದನು.

ತೊಂಬತ್ತು ನಿಮಿಷ ಕಳೆದರೂ ಯಾರೂ ಗೋಲು ಹೊಡೆಯಲಿಲ್ಲ. ಹೆಚ್ಚಿನ ಅವಧಿಯ ಆಟ ಮೊದಲಾಗಿ ಆರೇಳು ನಿಮಿಷವಾಗಿರಬಹುದು. ಕೇರಳದ ಗೋಲಿನ ಹತ್ತಿರ ಬೆಂಗಳೂರಿಗೆ ಒಂದು ಫ್ರೀ ಕಿಕ್ ದೊರೆಯಿತು. ಗೋಲ್‌ಕೀಪರು ಇನ್ನೂ ತನ್ನವರನ್ನು ಗೋಡೆಯಂತೆ ಸಾಲುಗೂಡಿಸುತ್ತಿದ್ದನು. ಚೆಂಡಿನ ಬಳಿ ಸುನಿಲ್ ಛೇತ್ರಿ ನಿಂತಿದ್ದರು. ಸೀಟಿ ಕೇಳಲಿಲ್ಲ. ಅವರು ಚೆಂಡನ್ನು ಮೆಲ್ಲಗೆ ಎತ್ತಿ ಒದೆದರು. ಅದು ಬರಿದಾಗಿದ್ದ ಗೋಲಿನೊಳಕ್ಕೆ ಇಳಿಯಿತು. ರೆಫರಿ ಗೋಲೆಂದು ತೀರ್ಪು ಕೊಟ್ಟರು. ಕೇರಳದವರು ಸುತ್ತುವರಿದು ವಾದಿಸಿದರು. ಕೊನೆಗೆ ಅವರ ತರಬೇತುದಾರ ಇವಾನ್ ವುಕೊಮಾನೊವಿಚ್ ತಮ್ಮವರನ್ನೆಲ್ಲ ಕಣದಿಂದ ಹೊರಕ್ಕೆ ಕರೆದುಕೊಂಡು ಹೋದರು. ಅವರು ಮರಳಲಿಲ್ಲ. ಕೆಲಕಾಲ ಕಾದು ಪಂದ್ಯವನ್ನು ಬೆಂಗಳೂರಿನ ಪಾಲಿಗೆ ಮುಗಿಸಿದರು.

ಹುಡುಗನು ಕುಣಿಯುತ್ತಿದ್ದನು. ನಾವು ಮಾತ್ರ, “ಇದು ಅನ್ಯಾಯ. ಎದುರಾಳಿ ಸಿದ್ಧನಾಗುವ ಮೊದಲು ಹೊಡೆಯುವುದು ಧರ್ಮವಲ್ಲ. ಸೀಟಿಯೇ ಆಗಲಿಲ್ಲವಲ್ಲ!” ಎಂದೆವು. ಅವನ ಕುಣಿತ ನಿಂತಿತು. “ಅಜ್ಜ, ತಪ್ಪು ಮಾಡಿದವರು ಅವರಲ್ಲವೆ? ಅವರಿಗಾಗಿ ಇವರೇಕೆ ಕಾಯಬೇಕು?” ಎಂದು ಕೇಳಿದನು. ಹತ್ತು ವರ್ಷದವನ ಪ್ರಶ್ನೆಗೆ ಉತ್ತರ ಹೊಳೆಯದೆ, ಹೊತ್ತಾಯಿತು ಮಲಗೆಂದು ಗದರಿಸಿದೆವು. ಉಪಾಧ್ಯಾಯರ ಬಳಿ ಇರುವ ಕಡೆಯ ಅಸ್ತ್ರವೇ ಅದು.

ಆದರೂ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಮರುದಿನ ಕಾಲ್ಚೆಂಡಿನ ನಿಯಮಾವಳಿಯನ್ನು ಹುಡುಕಿಸಿ, ಪಾಣಿನಿಯ ಸೂತ್ರಗಳನ್ನು ಓದುವಂತೆಯೇ ಕುಳಿತು ಓದಿದೆವು. ೧೩ನೆಯ ನಿಯಮವು ಫ್ರೀ ಕಿಕ್ಕಿಗೆ ಸಂಬಂಧಿಸಿದುದು. ಎದುರಾಳಿಗಳು ಚೆಂಡಿನಿಂದ ಹತ್ತು ಗಜ ದೂರ ನಿಲ್ಲಬೇಕೆಂಬುದು ಅವರಿಗೆ ವಿಧಿಸಿದ ಕಟ್ಟು. ಅವರು ಗೋಡೆ ಕಟ್ಟಿಕೊಳ್ಳುವವರೆಗೆ ಒದೆಯುವವನು ಕಾಯಬೇಕೆಂದು ಎಲ್ಲಿಯೂ ಇಲ್ಲ. ಅವರು ಹತ್ತಿರದಲ್ಲಿರುವಾಗಲೇ ಅವನು ಬೇಗ ಒದೆಯಬಹುದು. ಒದೆದ ಚೆಂಡು ಅವರಿಗೆ ಸಿಕ್ಕಿದರೆ ಆಟ ಹಾಗೆಯೇ ನಡೆಯುತ್ತದೆ. ರೆಫರಿ “ನಿಲ್ಲು, ಸೀಟಿಯಾಗುವವರೆಗೆ ಕಾಯಿ” ಎಂದು ಹೇಳಿದಾಗ ಮಾತ್ರ ಎರಡನೆಯ ಸೀಟಿ ಬೇಕು. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಸೀಟಿಯು ನಿತ್ಯವಿಧಿಯಲ್ಲ, ನಿಮಿತ್ತವಿದ್ದಾಗ ಮಾತ್ರ ಬರುವ ಕಾರ್ಯ. ತಮಗೆ ಸೀಟಿಯೂ ಬೇಡ, ಗೋಡೆಯೂ ಬೇಡವೆಂದು ರೆಫರಿಗೆ ಮೊದಲೇ ಹೇಳಿದ್ದಾಗಿ ಛೇತ್ರಿಯವರು ಪಂದ್ಯದ ತರುವಾಯ ತಿಳಿಸಿದರು.

ಕೇರಳದ ಕ್ಲಬ್ಬು ದೂರು ಕೊಟ್ಟಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತುಸಮಿತಿ ಅದನ್ನು ತಳ್ಳಿಹಾಕಿತು. ಕಣ ಬಿಟ್ಟು ನಡೆದುದಕ್ಕಾಗಿ ಆ ಮಾರ್ಚಿಯ ಕೊನೆಯಲ್ಲಿ ಕ್ಲಬ್ಬಿಗೆ ೪ ಕೋಟಿ ರೂಪಾಯಿ ದಂಡ, ತರಬೇತುದಾರರಿಗೆ ೧೦ ಪಂದ್ಯಗಳ ನಿಷೇಧ. ಅವರು ಕಣದಲ್ಲೇ ಉಳಿದಿದ್ದರೆ ಇನ್ನೂ ಇಪ್ಪತ್ತು ನಿಮಿಷಕ್ಕೂ ಮಿಗಿಲಾದ ಕಾಲವಿದ್ದಿತು. ಒಂದು ಗೋಲನ್ನು ತೀರಿಸಲು ಅದು ಸಾಲದ ಕಾಲವೇನಲ್ಲ. ಹಾಗಾಗಿದ್ದರೆ ಈ ಒದೆತವನ್ನು ಎರಡು ವಾರದಲ್ಲಿ ಜನ ಮರೆಯುತ್ತಿದ್ದರೆಂದು ನಮಗೆ ತೋರುತ್ತದೆ. ಒದೆದವರು ಗೋಲನ್ನು ಮಾಡಿದರು. ಅದನ್ನು ಚರಿತ್ರೆ ಮಾಡಿದವರು ನಡೆದುಹೋದವರು. ಪ್ರಾಸಂಗಿಕವಾಗಿ ಒಂದು ಮಾತು: ಅದರ ಮರುದಿನವೇ, ಮಾರ್ಚಿ ೪ರಂದು, ರಿಯಾಧ್ ಪಟ್ಟಣದಲ್ಲಿ ನಮ್ಮ ಕರ್ನಾಟಕದ ಹುಡುಗರು ಮೇಘಾಲಯವನ್ನು ೩–೨ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದರು. ರಾಜ್ಯವು ಮೈಸೂರೆನಿಸಿಕೊಂಡಿದ್ದ ೧೯೬೮–೬೯ರ ತರುವಾಯ ಅದೇ ಮೊದಲು. ಐವತ್ತನಾಲ್ಕು ವರ್ಷಗಳ ಬರ ನೀಗಿತು. ಆದರೆ ನಮ್ಮ ಬೀದಿಯ ಕಾಫಿ ಹೋಟೆಲಿನಲ್ಲಿ ವಾದವೆಲ್ಲ ಆ ಸೀಟಿಯನ್ನು ಕುರಿತೇ ನಡೆಯಿತು. ಇದು ನಮಗೆ ಸರಿಯೆನಿಸಲಿಲ್ಲ.

ಇನ್ನು ನಮ್ಮ ತಪ್ಪಿನ ವಿಷಯ.

೧೯೯೪ನೆಯ ಇಸವಿ. ಮಲೆನಾಡಿನ ಅಂಚಿನ ಒಂದು ಪ್ರೌಢಶಾಲೆಯಲ್ಲಿದ್ದೆವು. ವಯಸ್ಸು ಮೂವತ್ತರ ಆಚೀಚೆ. ನೆರೆಯೂರಿನ ಶಾಲೆಯೊಡನೆ ನಮ್ಮ ಶಾಲೆಗೆ ಪಂದ್ಯ ಗೊತ್ತಾಗಿದ್ದ ದಿನ ಡ್ರಿಲ್ ಮೇಷ್ಟ್ರಿಗೆ ಜ್ವರ ಬಂದು, ಸೀಟಿ ನಮ್ಮ ಕೊರಳಿಗೆ ಬಿದ್ದಿತು. ಪಂಚೆ ಎತ್ತಿಕಟ್ಟಿ ಓಡಾಡಿದೆವು. ಆಟ ಮುಗಿಯಲು ಐದು ನಿಮಿಷವಿರುವಾಗ ನಮ್ಮ ಶಾಲೆ ಒಂದು ಗೋಲಿನಿಂದ ಹಿಂದೆ ಬಿದ್ದಿದ್ದಿತು. ಎದುರಿನವರು ನಮ್ಮ ಹುಡುಗನೊಬ್ಬನನ್ನು ಕಾಲು ಕೊಟ್ಟು ಕೆಡವಿದರು. ಸೀಟಿ ಊದಿದೆವು. ಯಾರಿಗೂ ನಿಲ್ಲಲು ಹೇಳಲಿಲ್ಲ. ಶಲ್ಯದ ತುದಿಯಿಂದ ಕನ್ನಡಕದ ಧೂಳನ್ನು ಒರಸಿಕೊಳ್ಳುತ್ತಿದ್ದೆವು. ಬಿದ್ದ ಹುಡುಗನು ಎದ್ದು ಮಂಡಿಯ ಮಣ್ಣನ್ನು ಸಹ ಕೊಡವದೆ ಚೆಂಡನ್ನು ಒದೆದನು. ಎದುರಿನವರ ಗೋಲಿನಲ್ಲಿ ನಿಂತವನು ಅತ್ತ ತಿರುಗಿ ಕೂಗುತ್ತಿದ್ದನು. ಚೆಂಡು ಎರಡು ಕಂಬಗಳ ನಡುವೆ ಹಾದುಹೋಯಿತು.

ಗೋಲು ಸಲ್ಲದೆಂದೆವು. ನಿಯಮ ತಿಳಿದು ಹೇಳಿದ್ದಲ್ಲ. ನಮ್ಮ ಕನ್ನಡಕ ಇನ್ನೂ ಕೈಯಲ್ಲಿದ್ದಿತು, ಅಷ್ಟೆ. ನಮ್ಮ ಶಾಲೆಯ ಪಕ್ಷ ವಹಿಸಿದೆವೆಂದು ನೆರೆಯೂರಿನವರು ಆಡಿಕೊಂಡಾರೆಂಬ ಅಳುಕೂ ಇದ್ದಿತು. ಮತ್ತೆ ಒದೆಯಿಸಿದೆವು, ಅಷ್ಟರಲ್ಲಿ ಗೋಡೆ ನಿಂತಿದ್ದಿತು, ಚೆಂಡು ಅದಕ್ಕೆ ತಗುಲಿ ಹಿಂದಕ್ಕೆ ಬಂದಿತು. ಹುಡುಗನು “ಸಾರ್, ನನ್ನನ್ನೇ ಅವರು ಕೆಡವಿದ್ದು” ಎಂದನು. ಅದನ್ನು ಎದುರುತ್ತರವೆಂದು ಭಾವಿಸಿ, ಮಾರನೆಯ ದಿನ ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರ ಮುಂದೆ ಅವನನ್ನು ನಿಲ್ಲಿಸಿ ಅವಿಧೇಯನೆಂದು ಜರೆದೆವು. ಅವನು ಮತ್ತೆ ಆಟದ ಬಯಲಿಗೆ ಬರಲಿಲ್ಲ. ಅದನ್ನೂ ನಾವು ಸುಧಾರಣೆಯೆಂದೇ ತಿಳಿದಿದ್ದೆವು!

ನಮ್ಮ ದೌಹಿತ್ರನ ಪ್ರಶ್ನೆಯೂ ಆ ಹುಡುಗನ ಮಾತೂ ಒಂದೇ ಎಂಬುದು ನಿಯಮಾವಳಿ ಓದುವಾಗ ಹೊಳೆದು, ಪುಸ್ತಕ ಮುಚ್ಚಿದೆವು.

ಹಳೆಯ ವಿದ್ಯಾರ್ಥಿಗಳ ಮೂಲಕ ವಿಚಾರಿಸಿ ಅವನ ದೂರವಾಣಿಯ ಸಂಖ್ಯೆ ಪಡೆಯಲು ಎರಡು ವಾರ ಹಿಡಿಯಿತು. ಈಗ ಅವನು ಊರಿನಲ್ಲಿಯೇ ತೋಟ ನೋಡಿಕೊಂಡಿರುವ ಗೃಹಸ್ಥ. ಮೊದಲು ಗುರುತಿಸಲಿಲ್ಲ, ಗುರುತಿಸಿದ ಮೇಲೆ ನಮ್ಮ ಆರೋಗ್ಯ ವಿಚಾರಿಸಿದನು. ವಿಷಯಕ್ಕೆ ಬರಲು ನಮಗೆ ನಾಲಗೆ ಹೊರಳಲಿಲ್ಲ. ಕೊನೆಗೆ, “ಆ ದಿನ ನೀನು ಹೊಡೆದದ್ದು ಗೋಲೇ. ನಮಗೆ ನಿಯಮ ತಿಳಿದಿರಲಿಲ್ಲ. ಭಾವಿಯ ಕಡೆಯ ಕಂಬಗಳ ನಡುವೆ ಸರಿಯಾಗಿಯೇ ಹೋಗಿತ್ತು” ಎಂದೆವು.

ಆ ಕಡೆ ಕೆಲವು ಕ್ಷಣ ಮಾತಿಲ್ಲ. ಆಮೇಲೆ ಅವನು ಹೇಳಿದನು: “ಭಾವಿಯ ಕಡೆಯಲ್ಲ ಸಾರ್. ಹುಣಿಸೇಮರದ ಕಡೆ.”