ಧರ್ಮದ ಕಾಲಂದಾಗ ಏನ್ ಬರೀಲಿರಿ?

ಕೊಹಿನೂರ ಕಡೆಯ ಹಳ್ಳಿಗಳಲ್ಲಿ ಕಟ್ಟೆ ಮೇಲೆ ಕೂತು ಧರ್ಮದ ಮಾತು ತೆಗೆದರೆ ಅದು ರಾಜಕೀಯಕ್ಕೆ ಹೋಗಿ ಮುಟ್ಟುತ್ತದೆ, ರಾಜಕೀಯ ತೆಗೆದರೆ ಸೋಯಾ ರೇಟಿಗೆ. 2025ರ ಸೆಪ್ಟೆಂಬರ್ 22ರಂದು ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾದಾಗ ಮೂರೂ ಒಟ್ಟಿಗೇ ಬಂದವು. ಮಳೆ ಹೊಲ ಕೆಡಿಸಿತ್ತು. ಮಾಸ್ತರರು ಮೊಬೈಲು ಹಿಡಿದು ಮನೆ ಮನೆ ತಿರುಗುತ್ತಿದ್ದರು. "ಧರ್ಮದ ಕಾಲಂದಾಗ ಏನ್ ಬರೀಲಿರಿ, ಕಾಕಾ?"

ಕಾಕಾನ ಕಷ್ಟ ಯಾರಿಗೂ ಬೇಡ. ಸಲಹೆಗಳಿಗೇನೂ ಬರವಿರಲಿಲ್ಲ. ಜಾಗತಿಕ ಲಿಂಗಾಯತ ಮಹಾಸಭಾದವರು ‘ಲಿಂಗಾಯತ’ ಬರೆಸಿ ಎಂದರು, ವೀರಶೈವ ಮಹಾಸಭಾದವರು ‘ವೀರಶೈವ ಲಿಂಗಾಯತ’ ಎಂದರು, ಬಿಜೆಪಿ ನಾಯಕರು ಧರ್ಮ ‘ಹಿಂದೂ’, ಉಳಿದದ್ದು ಜಾತಿ ಕಾಲಂದಲ್ಲಿ ಎಂದರು. ಬಸವಣ್ಣನ ಕಲ್ಯಾಣದ ಪಕ್ಕದಲ್ಲೇ ಇದ್ದು, ದಿನಾ ಇಷ್ಟಲಿಂಗ ಪೂಜಿಸುವ ಮನುಷ್ಯ, ತಾನು ಯಾರೆಂದು ಮೂರು ಕಡೆ ಕೇಳಿ ತಿಳಿಯಬೇಕಾಯಿತು.

ಈ ಗದ್ದಲಕ್ಕೆ ಬೀದರ ಜಿಲ್ಲೆಯ ಋಣ ದೊಡ್ಡದು. 2017ರ ಜುಲೈಯಲ್ಲಿ ಲಿಂಗಾಯತ ಪ್ರತ್ಯೇಕ ಧರ್ಮಕ್ಕಾಗಿ ಜನ ಕಿಕ್ಕಿರಿದು ಸೇರಿದ್ದು ಬೀದರದಲ್ಲೇ. ಆಮೇಲೆ ಆ ಬೇಡಿಕೆ ಪರಿಶೀಲಿಸಲು ನಾಗಮೋಹನ ದಾಸ್ ಸಮಿತಿ, ಅದರ ವರದಿ. 2018ರ ಮಾರ್ಚ್ 19ರಂದು ಸಿದ್ದರಾಮಯ್ಯ ಸಂಪುಟ ಶಿಫಾರಸಿಗೆ ಒಪ್ಪಿತು. ಮೇ ತಿಂಗಳಲ್ಲಿ ಚುನಾವಣೆ. ಚಳವಳಿಯ ಮುಂಚೂಣಿಯಲ್ಲಿದ್ದ ಮಂತ್ರಿಗಳಲ್ಲಿ ವಿನಯ ಕುಲಕರ್ಣಿ, ಶರಣಪ್ರಕಾಶ ಪಾಟೀಲ, ಬಸವರಾಜ ರಾಯರೆಡ್ಡಿ ಸೋತರು, ಎಂ.ಬಿ. ಪಾಟೀಲರು ಗೆದ್ದರು. ಕಾಂಗ್ರೆಸ್ಸು ಧರ್ಮ ಒಡೆಯಲು ಹೋಗಿ ಕೈ ಸುಟ್ಟುಕೊಂಡಿತು ಎಂಬ ತೀರ್ಪು ಬೆಂಗಳೂರಿನಲ್ಲಿ ಆ ವಾರವೇ ಹೊರಬಿತ್ತು.

ತೀರ್ಪು ಕೊಟ್ಟವರು ಬೀದರದ ಲೆಕ್ಕ ನೋಡಿದಂತೆ ಕಾಣಲಿಲ್ಲ. ಇಲ್ಲಿ ಆರು ಕ್ಷೇತ್ರಗಳಲ್ಲಿ ನಾಲ್ಕು ಕಾಂಗ್ರೆಸ್ಸಿಗೇ ಬಂದಿದ್ದವು, ಬಸವಕಲ್ಯಾಣ, ಹುಮನಾಬಾದ ಎರಡೂ ಸೇರಿ. ಐದು ವರ್ಷ ಬಿಟ್ಟು ರಾಜ್ಯದಲ್ಲಿ ಆ ಪಕ್ಷ 135 ಗೆದ್ದಾಗ ಈ ಎರಡನ್ನೂ ಬಿಜೆಪಿ ಗೆದ್ದಿತು, ಜಿಲ್ಲೆಯಲ್ಲಿ ಕಾಂಗ್ರೆಸ್ಸಿಗೆ ಉಳಿದದ್ದು ಬೀದರ, ಭಾಲ್ಕಿ. ನಮ್ಮವರು ರಾಜ್ಯ ನಡೆದ ದಾರಿಗೆ ಅಡ್ಡಡ್ಡವೇ ನಡೆಯುವವರು. 2013ರಲ್ಲಿ ಇನ್ನೂ ಚಂದ: ಆರು ಸೀಟು, ಐದು ಪಕ್ಷ. ಕಾಂಗ್ರೆಸ್ಸಿಗೆ ಎರಡು, ಬಿಜೆಪಿ, ಜೆಡಿಎಸ್, ಯಡಿಯೂರಪ್ಪನವರ ಕೆಜೆಪಿ, ಅಶೋಕ ಖೇಣಿಯವರ ‘ಕರ್ನಾಟಕ ಮಕ್ಕಳ ಪಕ್ಷ’ಕ್ಕೆ ಒಂದೊಂದು. ಧರ್ಮದ ಗುರುತಿನಿಂದ ಇದನ್ನು ಬಿಡಿಸಿ ಹೇಳುವ ಪಂಡಿತ ಸಿಕ್ಕರೆ ಚಹಾ ನನ್ನದು.

ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ಕತೆ ಇಲ್ಲಿ ನೆನಪಾಗುತ್ತದೆ. ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ, ಒಳಗೆ ಕನ್ನಡ ಕಲಿಸಿದವರು ಅವರು. ಸರ್ಕಾರ ಫಲಕ ಓದುತ್ತಿತ್ತು, ಹುಡುಗರು ಕನ್ನಡ ಓದುತ್ತಿದ್ದರು. ಸರ್ಕಾರದ ಕಾಗದಕ್ಕೆ ಒಂದು, ಒಳಮನೆಗೆ ಇನ್ನೊಂದು ಎಂಬ ಜಾಣತನ ಈ ಸೀಮೆಗೆ ಹೊಸದಲ್ಲ. ಪಕ್ಷದವರು ಮಾತ್ರ ಇನ್ನೂ ಫಲಕವನ್ನೇ ಓದುತ್ತಿದ್ದಾರೆ.

ಅದು ಲಿಂಗಾಯತರ ವಿಷಯದಲ್ಲಷ್ಟೇ ಅಲ್ಲ. ಕಾಂಗ್ರೆಸ್ ಶಾಸಕ ಬಿ. ನಾರಾಯಣರಾವ್ ಕೊರೊನಾಕ್ಕೆ ತೀರಿಕೊಂಡು ಬಸವಕಲ್ಯಾಣ ತೆರವಾಯಿತು. ಉಪಚುನಾವಣೆ ಎದುರಿರುವಾಗ, 2020ರ ನವೆಂಬರ್‌ನಲ್ಲಿ ಯಡಿಯೂರಪ್ಪನವರ ಸರ್ಕಾರ ಮರಾಠರಿಗೆ 50 ಕೋಟಿಯ ಪ್ರಾಧಿಕಾರ ಘೋಷಿಸಿತು. ಬೆನ್ನಿಗೇ ವೀರಶೈವ ಲಿಂಗಾಯತ ನಿಗಮ. ಕನ್ನಡ ಸಂಘಟನೆಗಳು ಬಂದ್ ಕರೆದವು. ಮುಂದಿನ ಏಪ್ರಿಲ್‌ನ ಉಪಚುನಾವಣೆಯಲ್ಲಿ ಬಿಜೆಪಿಯ ಶರಣು ಸಲಗರ ಗೆದ್ದರು, ನಿಗಮದಿಂದಲೋ ಅನುಕಂಪ ಸಾಲದೆಯೋ ಎಂಬ ಜಗಳ ಇಂದಿಗೂ ಮುಗಿದಿಲ್ಲ.

ಲಿಂಗಾಯತ ಮತ ಊರು ಬಿಟ್ಟು ಊರಿಗೆ ಹೋದದ್ದು ನಿಜ, ಆದರೆ ಅದಕ್ಕೆ ಧರ್ಮ ಬದಲಿಸಬೇಕಾಗಿರಲಿಲ್ಲ. 1989ರಲ್ಲಿ ವೀರೇಂದ್ರ ಪಾಟೀಲರ ಕಾಂಗ್ರೆಸ್ಸಿಗೆ 178 ಸೀಟು. ಚಿಂಚೋಳಿ ನಮಗೆ ನೆರೆಯ ತಾಲ್ಲೂಕು, ಹೀಗಾಗಿ ಅವರು ‘ನಮ್ಮವರು’. 1990ರಲ್ಲಿ ಕಾಯಿಲೆಬಿದ್ದ ಅವರನ್ನು ರಾಜೀವ್ ಗಾಂಧಿ ಮುಖ್ಯಮಂತ್ರಿ ಗದ್ದುಗೆಯಿಂದ ಇಳಿಸಿದರು. 1994ರಲ್ಲಿ ಸೀಟು 34. ಅಷ್ಟು ಮತ ತಿರುಗಿಸಿದ್ದು ಅವಮಾನ. ಅದಕ್ಕೆ ಯಾವ ಅರ್ಜಿಯಲ್ಲೂ ಕಾಲಂ ಇಲ್ಲ.

2024ರಲ್ಲಿ ಬೀದರ ಲೋಕಸಭೆಗೆ ಎದುರುಬದುರು ನಿಂತವರು ಕೇಂದ್ರದಲ್ಲಿ ರಸಗೊಬ್ಬರ ಖಾತೆಯ ರಾಜ್ಯ ಸಚಿವರಾಗಿದ್ದ ಬಿಜೆಪಿಯ ಭಗವಂತ ಖೂಬಾ ಮತ್ತು ಭಾಲ್ಕಿಯ ಕಾಂಗ್ರೆಸ್ ಶಾಸಕ ಈಶ್ವರ ಖಂಡ್ರೆಯವರ ಮಗ, ಕಾಂಗ್ರೆಸ್ಸಿನ ಸಾಗರ ಖಂಡ್ರೆ. ಇಬ್ಬರೂ ಲಿಂಗಾಯತರು. ಗೆದ್ದದ್ದು ಸಾಗರ.