ಓಣಂ ರಜೆ, ಒಂಬತ್ತು ದಿನ, ಒಂದು ಹೂವಿನ ಕಣಿವೆ

ನಮ್ಮ ಸ್ಟಾಫ್ ರೂಮಿನ ಕಪ್ಪು ಹಲಗೆಯಲ್ಲಿ ಪರೀಕ್ಷೆಯ ವೇಳಾಪಟ್ಟಿಯ ಪಕ್ಕ ಈಗ ಇನ್ನೊಂದು ವೇಳಾಪಟ್ಟಿ ಇದೆ. ಅದು ನಾವು ನಾಲ್ವರು ಓಣಂ ರಜೆಯಲ್ಲಿ ಹೋಗಬೇಕೆಂದಿರುವ ಉತ್ತರಾಖಂಡದ ಹೂವಿನ ಕಣಿವೆಯದು.

ಇದಕ್ಕೆಲ್ಲ ಕಾರಣ ಎಂಟನೇ ತರಗತಿಯ ಒಬ್ಬ ಹುಡುಗಿ. ನಮ್ಮ ಸಮಾಜ ವಿಜ್ಞಾನದ ಮಾಸ್ಟ್ರು ಮೂವತ್ತು ವರ್ಷದಿಂದ ಹಲಗೆಯ ಮೇಲೆ ಹಿಮಾಲಯ ಬಿಡಿಸುತ್ತಾ ಬಂದವರು. "ಸರ್, ನೀವು ನೋಡಿದ್ದೀರಾ?" ಎಂದು ಅವಳು ಕೇಳಿದಳಂತೆ. "ಇಲ್ಲ ಮಗಾ" ಎಂದು ಹೇಳಿ ಬಂದವರು ಆ ದಿನ ಚಹಾ ಕುಡಿಯಲಿಲ್ಲ. ಬರುವ ಮೇ ತಿಂಗಳಲ್ಲಿ ಅವರಿಗೆ ನಿವೃತ್ತಿ. ನಾವೇ ಹೇಳಿದೆವು, "ಹೋಗುವಾ ಮಾಸ್ಟ್ರೇ, ಈ ವರ್ಷವೇ ಹೋಗುವಾ."

ಬೇಸಿಗೆಯ ಕೊನೆ ಎಂದರೆ ಕಾಸರಗೋಡಿನವರಾದ ನಮಗೆ ಮೇ ತಿಂಗಳು, ಹಲಸಿನ ಹಣ್ಣಿನ ಕಾಲ. ಆ ಎತ್ತರದ ಬೆಟ್ಟಗಳಲ್ಲಿ ಬೇಸಿಗೆ ಮುಗಿಯುವುದು ಆಗಸ್ಟ್-ಸೆಪ್ಟೆಂಬರಿನಲ್ಲಿ. ಹೂವಿನ ಕಣಿವೆ ಜೂನ್ ಒಂದರಿಂದ ಅಕ್ಟೋಬರ್ ಕೊನೆಯವರೆಗೆ ಮಾತ್ರ ತೆರೆದಿರುತ್ತದೆ. ಹೂವು ತುಂಬಿರುವುದು ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಓಣಂ ಹೊತ್ತಿಗೆ ಹೂವು ಕಡಿಮೆಯಾಗತೊಡಗುತ್ತದೆ, ಆದರೆ ನಮಗೆ ಸಿಗುವ ರಜೆ ಅದೇ. 1931ರಲ್ಲಿ ಕಾಮೆಟ್ ಶಿಖರ ಹತ್ತಿ ಇಳಿಯುವಾಗ ಫ್ರಾಂಕ್ ಸ್ಮೈತ್ ಎಂಬ ಆಂಗ್ಲ ಪರ್ವತಾರೋಹಿ ಈ ಕಣಿವೆಗೆ ಬಂದ, 1938ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ. 1982ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು, 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಲೆಕ್ಕ ಹಾಕಿದವರು ಗಣಿತದ ಟೀಚರ್. ಶುಕ್ರವಾರ ಸಂಜೆ ಶಾಲೆ ಬಿಟ್ಟು ಮಂಗಳಾ ಎಕ್ಸ್‌ಪ್ರೆಸ್ ಹಿಡಿದರೆ ಎರಡು ರಾತ್ರಿ ಕಳೆದು ಭಾನುವಾರ ದೆಹಲಿ, ಅದೇ ರಾತ್ರಿ ಹರಿದ್ವಾರ. ಸೋಮವಾರ ಇಡೀ ದಿನ ಜೀಪಿನಲ್ಲಿ ಜೋಶಿಮಠ. ಮಂಗಳವಾರ ಗೋವಿಂದಘಾಟ್, ಅಲ್ಲಿಂದ ಪುಲ್ನಾದವರೆಗೆ ವಾಹನ, ಮತ್ತೆ ಸುಮಾರು 10 ಕಿಲೋಮೀಟರ್ ನಡೆದು 3,050 ಮೀಟರ್ ಎತ್ತರದ ಘಾಂಗರಿಯಾ. ಬುಧವಾರ ಹೂವಿನ ಕಣಿವೆ. ಅಲ್ಲಿ ರಾತ್ರಿ ಉಳಿಯುವ ಹಾಗಿಲ್ಲ, ಹೋಗಿ ಸಂಜೆಯೊಳಗೆ ಘಾಂಗರಿಯಾಕ್ಕೆ ಇಳಿಯಬೇಕು. ಗುರುವಾರ ಹೇಮಕುಂಡ. ಶುಕ್ರವಾರ ಇಳಿದು ಜೋಶಿಮಠ, ಶನಿವಾರ ರಾತ್ರಿ ದೆಹಲಿ, ಭಾನುವಾರ ವಿಮಾನದಲ್ಲಿ ಮಂಗಳೂರು. ಬರುವಾಗಲೂ ರೈಲು ಎಂದರೆ ಸೋಮವಾರದ ಶಾಲೆ ತಪ್ಪುತ್ತದೆ. ಖರ್ಚು ಏರಿತು, ಆದರೂ ಲೆಕ್ಕ ಸರಿಹೋಯಿತೆಂದು ನಾವೆಲ್ಲ ಖುಷಿಪಟ್ಟೆವು.

ಟೀಚರ್ ಮಾತ್ರ ಚಾಕ್ ಕೆಳಗಿಡಲಿಲ್ಲ. "ಇದರಲ್ಲಿ ಶೇಷ ಸೊನ್ನೆ. ಒಂದು ದಿನ ರಸ್ತೆ ಮುಚ್ಚಿದರೆ?"

ಯಾರೂ ಮಾತಾಡಲಿಲ್ಲ. ಮಳೆಗಾಲದಲ್ಲಿ ಆ ರಸ್ತೆಗೆ ಗುಡ್ಡ ಜರಿಯುವುದು ಹೊಸತಲ್ಲ. 2013ರ ಜೂನ್ ಪ್ರವಾಹದಲ್ಲಿ ಗೋವಿಂದಘಾಟ್ ಕೊಚ್ಚಿಹೋಗಿತ್ತು. 2025ರ ಮಾರ್ಚಿನಲ್ಲಿ ಅಲ್ಲಿನ ಸೇತುವೆ ಬಂಡೆ ಬಿದ್ದು ಮುರಿದಿತ್ತು. 2024ರ ಜುಲೈ 30ರಂದು ವಯನಾಡಿನಲ್ಲಿ ಏನಾಯಿತೆಂದು ನೋಡಿದ ನಮಗೆ ಗುಡ್ಡ ಜರಿಯುವುದು ಎಂದರೇನೆಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ಈಗ ನಡೆಯುತ್ತಿರುವ ಚರ್ಚೆಯೂ ಅದೇ.

ಹಾಗಾದರೆ ಯಾವ ದಿನ ಬಿಡುವುದು? ಬಿಡಲು ಇದ್ದದ್ದು ಹೇಮಕುಂಡ ಒಂದೇ. ಅದೇ ಮಾಸ್ಟ್ರ ಆಸೆ. 4,000 ಮೀಟರಿಗೂ ಮೇಲಿನ ಆ ಸರೋವರ, ಆ ದಾರಿಯ ಬ್ರಹ್ಮಕಮಲ. ಆದರೆ ಘಾಂಗರಿಯಾದಿಂದ ಆರು ಕಿಲೋಮೀಟರಿನಲ್ಲಿ ಸಾವಿರ ಮೀಟರಿಗೂ ಹೆಚ್ಚು ಏರಬೇಕು. ಅಷ್ಟು ಎತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಸುಮಾರು 60 ಶೇಕಡಾ. ನಾವೆಲ್ಲ ಕಡಲ ಬದಿಯವರು, ಮಾಸ್ಟ್ರಿಗೆ ರಕ್ತದೊತ್ತಡದ ಮಾತ್ರೆ ಬೇರೆ. ತಲೆನೋವು, ವಾಕರಿಕೆ ಬಂದರೆ ಮೇಲೆ ಹೋಗಬಾರದು, ಹೆಚ್ಚಾದರೆ ಇಳಿಯಲೇಬೇಕು. ಅದಕ್ಕೆ ಇಳಿಯುವುದೇ ಮುಖ್ಯ ಮದ್ದು. ಡಾಕ್ಟರನ್ನು ಕಾಣದೆ ಟಿಕೆಟ್ ತೆಗೆಯುವುದಿಲ್ಲ ಎಂದು ನಾವು ಪಟ್ಟು ಹಿಡಿದೆವು. ಅವರಿಗೆ ಸ್ವಲ್ಪ ಬೇಸರವಾಯಿತು. ಎರಡು ದಿನ ಆ ಹಲಗೆಯ ಕಡೆ ನೋಡಲಿಲ್ಲ.

ಈ ನಡುವೆ ಅಭ್ಯಾಸ ಸುರುಮಾಡಿದ್ದೇವೆ. ಪ್ರತಿ ಭಾನುವಾರ ಪೊಸಡಿ ಗುಂಪೆ. ಸಾವಿರ ಅಡಿಯ ಗುಡ್ಡ ಹಿಮಾಲಯಕ್ಕೆ ಲೆಕ್ಕಕ್ಕಿಲ್ಲ ನಿಜ, ಆದರೆ ಕಾಲಿಗೆ ಅದು ಗೊತ್ತಾಗಬೇಕಲ್ಲ! ಚೀಲದಲ್ಲಿ ಏಳು ಕಿಲೋ ಹಳೆಯ ಪಠ್ಯಪುಸ್ತಕ ತುಂಬಿಸಿಕೊಂಡು ಹತ್ತುತ್ತೇವೆ. ಕಳೆದ ವಾರ ಮಳೆ ಹಿಡಿದು ಪುಸ್ತಕವೆಲ್ಲ ಒದ್ದೆ. ಅಂದು ಕಲಿತದ್ದು ಎರಡು. ಚೀಲದೊಳಗೆ ಎಲ್ಲವನ್ನೂ ಪ್ಲಾಸ್ಟಿಕ್ಕಿನಲ್ಲಿ ಕಟ್ಟಬೇಕು, ಹತ್ತಿಯ ಅಂಗಿ ಬೇಡ. ಒದ್ದೆಯಾದ ಹತ್ತಿ ಬೇಗ ಒಣಗುವುದಿಲ್ಲ, ಚಳಿಯಲ್ಲಿ ಮೈಯ ಬಿಸಿಯನ್ನೆಲ್ಲ ಎಳೆದುಬಿಡುತ್ತದೆ. ಎರಡು ಜೊತೆ ಬೇಗ ಒಣಗುವ ಬಟ್ಟೆ, ಉಣ್ಣೆಯ ಸ್ವೆಟರ್, ಮೂರು ಜೊತೆ ಸಾಕ್ಸ್, ರೇನ್‌ಕೋಟ್, ಟಾರ್ಚ್, ಓಆರ್‌ಎಸ್, ಮಾತ್ರೆಗಳು. ಉಳಿದದ್ದೆಲ್ಲ ಮನೆಯಲ್ಲಿ. ಬೂಟು ಹೊಸತಾದರೆ ಈಗಲೇ ಹಾಕಿ ಹಳತು ಮಾಡಬೇಕು. ನಮ್ಮ ಹಿಂದಿ ಟೀಚರ್ ತರಗತಿಗೂ ಅದನ್ನೇ ಹಾಕಿ ಬರುತ್ತಿದ್ದಾರೆ, ಮಕ್ಕಳಿಗೆ ಒಳ್ಳೆಯ ತಮಾಷೆ!

ನಿನ್ನೆ ಬೆಳಗ್ಗೆ ನಾವು ಬರುವಾಗ ಹಲಗೆಯಲ್ಲಿ ಗುರುವಾರದ ಎದುರು 'ಹೇಮಕುಂಡ' ಅಳಿಸಿತ್ತು. ಅಲ್ಲಿ ಮಾಸ್ಟ್ರ ಅಕ್ಷರದಲ್ಲಿ 'ಕಾದಿರಿಸಿದ ದಿನ' ಎಂದಿತ್ತು. ಡಾಕ್ಟರು ಕಣಿವೆಯವರೆಗೆ ಹೋಗಬಹುದು, ನಿಧಾನ ನಡೆಯಿರಿ ಎಂದಿದ್ದಾರಂತೆ.

"ಬೇಜಾರಾಯಿತಾ ಮಾಸ್ಟ್ರೇ?" ಎಂದು ಕೇಳಿದೆವು.

"ಆಗದೆ ಇರ್ತದಾ? ಆದರೆ ಆ ಹುಡುಗಿ ಕೇಳಿದ್ದು ನೋಡಿದ್ದೀರಾ ಅಂತ, ಹತ್ತಿದ್ದೀರಾ ಅಂತ ಅಲ್ಲ" ಎಂದರು.

ಟಿಕೆಟ್ ಈ ವಾರ ತೆಗೆಯುತ್ತೇವೆ. ಆ ದಾರಿ ನಡೆದವರು ನಿಮ್ಮಲ್ಲಿ ಯಾರಾದರೂ ಇದ್ದರೆ ಒಂದು ಮಾತು ತಿಳಿಸಿ. ಬಂದ ಮೇಲೆ ಎಂಟನೇ ತರಗತಿಗೆ ಮೊದಲು ಹೇಳುತ್ತೇವೆ, ಆಮೇಲೆ ನಿಮಗೆ.